ಮರದಲ್ಲಿ ಕೆತ್ತಿದ ಸುದ್ದಿ: 19ನೆಯ ಶತಮಾನದ ಸಚಿತ್ರ ಪತ್ರಿಕೆಗಳು

1842ರ ಮೇ 5ರಂದು ಜರ್ಮನ್ ನಾಡಿನ ಹ್ಯಾಂಬರ್ಗ್ ನಗರದಲ್ಲಿ ಹತ್ತಿಕೊಂಡ ಬೆಂಕಿ ಮೂರು ದಿನ ಆರದೆ ಉರಿದು, ಹಳೆಯ ಊರಿನ ಸುಮಾರು ಮೂರನೆಯ ಒಂದು ಭಾಗವನ್ನು ಬೂದಿ ಮಾಡಿತು. ಅದರ ಮರುವಾರ, ಮೇ 14ರ ಶನಿವಾರ, ಲಂಡನ್ನಿನಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಎಂಬ ಹೊಸ ವಾರಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಪುಟಗಳು 16, ಚಿತ್ರಗಳು 32, ಬೆಲೆ ಆರು ಪೆನ್ನಿ. ಮೊದಲ ಪುಟದಲ್ಲೇ ಧಗಧಗಿಸುವ ಹ್ಯಾಂಬರ್ಗಿನ ಚಿತ್ರವಿತ್ತು. ಅದನ್ನು ಬರೆದ ಕಲಾವಿದ ಮಾತ್ರ ಆ ಊರಿನ ಕಡೆ ತಲೆ ಹಾಕಿರಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸಿಕ್ಕ ನಗರದ ಹಳೆಯ ಚಿತ್ರವೊಂದನ್ನು ನಕಲು ಮಾಡಿಕೊಂಡು, ಅದಕ್ಕೆ ಜ್ವಾಲೆಯನ್ನೂ ಹೊಗೆಯನ್ನೂ ಸೇರಿಸಿ, ಎದುರಿಗೆ ದೋಣಿಗಳನ್ನೂ ಬೆಂಕಿ ನೋಡುತ್ತಿರುವ ಜನರನ್ನೂ ಕೂರಿಸಿ ಸುದ್ದಿಚಿತ್ರವನ್ನು ಸಿದ್ಧಪಡಿಸಲಾಗಿತ್ತು.

ಇದನ್ನು ಮೋಸ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಹಾಗೆ ಮುಗಿಸಿದರೆ ಆ ಕಾಲದ ಸಚಿತ್ರ ಪತ್ರಿಕೋದ್ಯಮವನ್ನು ಅರ್ಥ ಮಾಡಿಕೊಳ್ಳುವ ದಾರಿಯೇ ತಪ್ಪಿಹೋಗುತ್ತದೆ. ಅದೇ ಸಂಚಿಕೆಯಲ್ಲಿ ಇನ್ನೊಂದು ದೊಡ್ಡ ಸುದ್ದಿಯೂ ಇತ್ತು. ಎರಡು ದಿನ ಹಿಂದೆ, ಮೇ 12ರಂದು, ವಿಕ್ಟೋರಿಯಾ ರಾಣಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಏರ್ಪಡಿಸಿದ್ದ ವೇಷಭೂಷಣಗಳ ನೃತ್ಯಕೂಟ ಅದು. ಆ ಕೂಟದ ದಿನ ಎಲ್ಲರಿಗೂ ಮೊದಲೇ ಗೊತ್ತಿದ್ದುದರಿಂದ ಚಿತ್ರಗಳ ತಯಾರಿಗೆ ಅವಕಾಶವಿತ್ತು. ಬೆಂಕಿ ಯಾರಿಗೂ ಹೇಳಿ ಬರಲಿಲ್ಲ. ಮುನ್ಸೂಚನೆ ಕೊಟ್ಟು ನಡೆಯುವ ಘಟನೆಗೂ ಕೊಡದೆ ನಡೆಯುವ ಘಟನೆಗೂ ನಡುವಿನ ಈ ವ್ಯತ್ಯಾಸವೇ, ಮುಂದಿನ ನಲವತ್ತು ವರ್ಷ, ಯಾವುದು ಚಿತ್ರವಾಗುವ ಸುದ್ದಿ, ಯಾವುದು ಬರೀ ಅಕ್ಷರದಲ್ಲಿ ಉಳಿಯುವ ಸುದ್ದಿ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿತು. ಸಂಪಾದಕರ ಅಭಿರುಚಿಗೂ ರಾಜಕೀಯಕ್ಕೂ ಪಾಲಿತ್ತು, ನಿಜ. ಆದರೆ ಅವೆರಡಕ್ಕಿಂತ ಮೊದಲು ಮರದ ತುಂಡೊಂದರ ಮಾತು ನಡೆಯುತ್ತಿತ್ತು.

ಆ ಮರ ಬಾಕ್ಸ್‌ವುಡ್. ನಿಧಾನವಾಗಿ ಬೆಳೆಯುವ, ಬಹಳ ಗಟ್ಟಿಯಾದ, ಎಳೆ ಒತ್ತೊತ್ತಾಗಿರುವ ಮರ. 18ನೆಯ ಶತಮಾನದ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ ಎಂಬ ಕುಶಲಕರ್ಮಿ ಇದರಲ್ಲಿ ಕೆತ್ತುವ ವಿಧಾನವನ್ನು ಪಳಗಿಸಿ ಪ್ರಸಿದ್ಧಗೊಳಿಸಿದ. ಹಿಂದಿನವರು ಹಲಗೆಯ ಉದ್ದುದ್ದ ಎಳೆಯ ಮೇಲೆ ಚಾಕುವಿನಿಂದ ಕೆತ್ತುತ್ತಿದ್ದರು. ಎಳೆಗೆ ಅಡ್ಡಲಾಗಿ ಚಾಕು ಹೋದರೆ ಮರ ಸಿಬಿರೇಳುತ್ತಿತ್ತು. ಬ್ಯೂಯಿಕ್ ಕಾಂಡವನ್ನು ಅಡ್ಡಕ್ಕೆ ಕೊಯ್ದು, ಆ ಕೊಯ್ದ ಮುಖವನ್ನು ನುಣುಪು ಮಾಡಿ, ಲೋಹದ ಮೇಲೆ ಕೆತ್ತುವವರು ಬಳಸುವ ಚೂಪು ಉಳಿಯಿಂದಲೇ ಅದರ ಮೇಲೆ ಗೆರೆ ತೆಗೆದ. ಎಳೆಯ ಕಾಟವಿಲ್ಲದ್ದರಿಂದ ಗೆರೆಯನ್ನು ಯಾವ ದಿಕ್ಕಿಗೆ ಬೇಕಾದರೂ, ಕೂದಲಿನಷ್ಟು ತೆಳ್ಳಗೆ ಬೇಕಾದರೂ ಓಡಿಸಬಹುದಾಯಿತು.

ಇದರಿಂದ ಪತ್ರಿಕೆಗೆ ಆದ ಲಾಭವೇನೆಂದು ತಿಳಿಯಲು ಆಗ ಇದ್ದ ಬೇರೆ ದಾರಿಗಳನ್ನು ನೋಡಬೇಕು. ತಾಮ್ರ ಅಥವಾ ಉಕ್ಕಿನ ತಗಡಿನಲ್ಲಿ ಗೆರೆ ತಗ್ಗಿನಲ್ಲಿರುತ್ತದೆ. ಆ ತಗ್ಗಿನಲ್ಲಿ ಉಳಿದ ಮಸಿಯನ್ನು ಕಾಗದ ಹೀರಿಕೊಳ್ಳಬೇಕಾದರೆ ಬೇರೆಯೇ ಯಂತ್ರ, ಬೇರೆಯೇ ಒತ್ತಡ ಬೇಕು. ಕಲ್ಲಚ್ಚಿನಲ್ಲಿ ಚಿತ್ರವೂ ಬರಹವೂ ಒಂದೇ ಕಲ್ಲಿನ ಮೇಲೆ ಸಲೀಸಾಗಿ ಕೂಡುತ್ತವೆ, ಆದರೆ ಅಚ್ಚುಮೊಳೆ ಜೋಡಿಸಿದ ಪುಟದೊಳಗೆ ಕಲ್ಲನ್ನು ಸೇರಿಸಲಾಗದು, ಮುದ್ರಣದ ವೇಗವೂ ಕಡಿಮೆ. ಮರದ ಕೆತ್ತನೆಯಲ್ಲಾದರೋ, ನಮ್ಮ ಕಚೇರಿಗಳ ರಬ್ಬರ್ ಮೊಹರಿನ ಹಾಗೆ, ಬೇಡದ ಭಾಗವನ್ನು ತೆಗೆದು ಬೇಕಾದ ಗೆರೆಯನ್ನು ಉಬ್ಬಾಗಿ ಉಳಿಸಿಕೊಳ್ಳುತ್ತಾರೆ. ಅಚ್ಚುಮೊಳೆಯೂ ಉಬ್ಬೇ. ಹೀಗಾಗಿ ಮೊಳೆಯಷ್ಟೇ ಎತ್ತರಕ್ಕೆ ಕೊಯ್ದ ಮರದ ಬ್ಲಾಕನ್ನು ಅಕ್ಷರಗಳ ನಡುವೆ ಕೂರಿಸಿ, ಒಂದೇ ಏಟಿಗೆ, ಉಗಿಯಂತ್ರದ ಮೇಲೆ ಸಾವಿರಾರು ಪ್ರತಿ ತೆಗೆಯಬಹುದಿತ್ತು. ಸುದ್ದಿಯ ಪಕ್ಕದಲ್ಲೇ ಅದರ ಚಿತ್ರ ಎಂಬ, ಇಂದು ಯಾರೂ ಗಮನಿಸದಷ್ಟು ಸಹಜವಾಗಿರುವ ಏರ್ಪಾಡು ಸಾಧ್ಯವಾದದ್ದು ಈ ಎತ್ತರದ ಹೊಂದಾಣಿಕೆಯಿಂದ.

ಕನ್ನಡದ ಮೊದಲ ಪತ್ರಿಕೆಗೂ ಈ ಕಥೆಗೂ ಇಲ್ಲೊಂದು ಕುತೂಹಲದ ಕೊಂಡಿಯಿದೆ. ಜರ್ಮನ್ ಭಾಷೆಯ ಮೊದಲ ದೊಡ್ಡ ಸಚಿತ್ರ ವಾರಪತ್ರಿಕೆಯಾದ ‘ಇಲ್ಲುಸ್ಟ್ರಿರ್ಟೆ ತ್ಸೈಟುಂಗ್’ ಲೈಪ್‌ಜಿಗ್ ನಗರದಲ್ಲಿ ಆರಂಭವಾದದ್ದು 1843ರ ಜುಲೈ 1ರಂದು. ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದೂ ಅದೇ ದಿನ. ಆಗ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿದ್ದದ್ದು ಕಲ್ಲಚ್ಚು. ಅಂದರೆ ಬರಹದ ಜೊತೆ ಚಿತ್ರವನ್ನು ಮುದ್ರಿಸಲು ತಾಂತ್ರಿಕವಾಗಿ ಮಂಗಳೂರಿಗೆ ತೊಂದರೆಯಿರಲಿಲ್ಲ. ಇಲ್ಲದಿದ್ದದ್ದು ಲೈಪ್‌ಜಿಗ್‌ನಲ್ಲಿದ್ದ ಉಳಿದೆಲ್ಲವೂ: ಕಲಾವಿದರ ತಂಡ, ಕೆತ್ತನೆಗಾರರ ಕಾರ್ಖಾನೆ, ರೈಲು, ವಾರಕ್ಕೊಮ್ಮೆ ದುಡ್ಡು ಕೊಟ್ಟು ಕೊಳ್ಳುವ ಸಾವಿರಾರು ಓದುಗರು. ಸಚಿತ್ರ ಪತ್ರಿಕೆಗೆ ಯಂತ್ರವೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಾರದು.

ಬಾಕ್ಸ್‌ವುಡ್ಡಿನ ಒಂದು ದೋಷವೆಂದರೆ ಅದರ ಕಾಂಡ ದಪ್ಪವಾಗುವುದಿಲ್ಲ. ಅಡ್ಡಕ್ಕೆ ಕೊಯ್ದರೆ ಅಂಗೈ ಅಗಲದ ಬಿಲ್ಲೆ ಸಿಕ್ಕೀತು, ಪತ್ರಿಕೆಯ ಪುಟದಗಲದ ಹಲಗೆ ಸಿಗದು. ಆದ್ದರಿಂದ ಚಿಕ್ಕ ಚಿಕ್ಕ ಚೌಕಗಳನ್ನು ಒಟ್ಟಿಗೆ ಜೋಡಿಸಿ ದೊಡ್ಡ ಬ್ಲಾಕು ಮಾಡುತ್ತಿದ್ದರು; ಶತಮಾನದ ನಡುವಿನ ಹೊತ್ತಿಗೆ ಈ ಚೌಕಗಳನ್ನು ಹಿಂದಿನಿಂದ ಬೋಲ್ಟು ಹಾಕಿ ಬಿಗಿಯುವ, ಬೇಕೆಂದಾಗ ಬಿಚ್ಚುವ ಪದ್ಧತಿ ಬಂತು. ಮರದ ಕೊರತೆಯಿಂದ ಹುಟ್ಟಿದ ಈ ಉಪಾಯ ಪತ್ರಿಕೆಯವರಿಗೆ ವರವಾಯಿತು. ಕಲಾವಿದ ಜೋಡಿಸಿದ ಬ್ಲಾಕಿಗೆ ತೆಳುವಾಗಿ ಬಿಳಿ ಬಳಿದು, ಅದರ ಮೇಲೆ ಚಿತ್ರವನ್ನು ಎಡಬಲ ಅದಲುಬದಲಾಗಿ ಬರೆಯುತ್ತಿದ್ದ. ಮುಖ್ಯ ಕೆತ್ತನೆಗಾರ ಎರಡು ಚೌಕಗಳ ಸೇರುಗೆರೆಯನ್ನು ದಾಟಿಹೋಗುವ ಗೆರೆಗಳನ್ನಷ್ಟೇ ಮೊದಲು ಕೆತ್ತುತ್ತಿದ್ದ. ಆಮೇಲೆ ಬೋಲ್ಟು ಬಿಚ್ಚಿ, ಒಬ್ಬೊಬ್ಬನಿಗೆ ಒಂದೊಂದು ಚೌಕ. ಒಬ್ಬನ ಪಾಲಿಗೆ ಆಕಾಶ, ಇನ್ನೊಬ್ಬನಿಗೆ ಜನಜಂಗುಳಿಯ ತಲೆಗಳು, ಮತ್ತೊಬ್ಬನಿಗೆ ಕಟ್ಟಡ. ರಾತ್ರಿಯಿಡೀ ದೀಪದ ಕೆಳಗೆ ಕುಳಿತು ಅವರು ಮುಗಿಸಿಕೊಟ್ಟದ್ದನ್ನು ಬೆಳಿಗ್ಗೆ ಮತ್ತೆ ಬಿಗಿದು, ಕೀಲುಗಳಲ್ಲಿ ತಿದ್ದಿ, ಮುದ್ರಣಕ್ಕೆ ಕಳಿಸುತ್ತಿದ್ದರು. ಒಬ್ಬನೇ ಕೂತರೆ ವಾರಗಟ್ಟಲೆ ಹಿಡಿಯುವ ಕೆಲಸ ಹೀಗೆ ಒಂದೆರಡು ದಿನಕ್ಕೆ ಇಳಿಯಿತು. ಆ ಕಾಲದ ದೊಡ್ಡ ಚಿತ್ರಗಳನ್ನು ಹತ್ತಿರದಿಂದ ನೋಡಿದರೆ, ಚೌಕಗಳು ಸರಿಯಾಗಿ ಕೂಡದ ಕಡೆ ಆಕಾಶದ ನಡುವೆಯೋ ಯಾರದೋ ಭುಜದ ಮೇಲೆಯೋ ನೇರವಾಗಿ ಇಳಿದಿರುವ ತೆಳ್ಳನೆಯ ಬಿಳಿ ಗೆರೆ ಇಂದಿಗೂ ಕಣ್ಣಿಗೆ ಬೀಳುತ್ತದೆ. ಒಂದು ಚಿತ್ರದಲ್ಲಿ ಎಷ್ಟು ಕೈ ಆಡಿವೆ ಎಂದು ಆ ಗೆರೆಗಳನ್ನು ಎಣಿಸಿಯೇ ಅಂದಾಜು ಮಾಡಬಹುದು.

ಈ ಉದ್ಯಮವನ್ನು ಕಟ್ಟಿದ ಹರ್ಬರ್ಟ್ ಇಂಗ್ರಾಮ್ ಕಲಾವಿದನೂ ಅಲ್ಲ, ಬರಹಗಾರನೂ ಅಲ್ಲ. ನಾಟಿಂಗ್‌ಹ್ಯಾಮ್‌ನಲ್ಲಿ ಮುದ್ರಣವನ್ನೂ ಪತ್ರಿಕೆ ಮಾರಾಟವನ್ನೂ ನಡೆಸುತ್ತಿದ್ದ ವ್ಯಾಪಾರಿ. ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಆರಂಭಿಸುವ ಮುನ್ನ ‘ಪಾರ್ಸ್ ಲೈಫ್ ಪಿಲ್ಸ್’ ಎಂಬ ಸರ್ವರೋಗ ಗುಳಿಗೆಯನ್ನು ಮಾರಿ ಕಾಸು ಮಾಡಿಕೊಂಡಿದ್ದವನು. ಯಾವುದಾದರೂ ಪತ್ರಿಕೆಯಲ್ಲಿ ಚಿತ್ರವಿದ್ದ ವಾರ ಅದರ ಮಾರಾಟ ಏರುತ್ತದೆಂಬುದನ್ನು, ವಿಶೇಷವಾಗಿ 1837ರ ಗ್ರೀನೇಕರ್ ಕೊಲೆ ಪ್ರಕರಣದ ಚಿತ್ರಗಳು ಬಂದಾಗ, ಅವನು ತನ್ನ ಅಂಗಡಿಯಲ್ಲೇ ಕಂಡಿದ್ದ. ಅವನ ಮೊದಲ ಯೋಚನೆಯೂ ಅಪರಾಧದ ಸುದ್ದಿಗಳ ಸಚಿತ್ರ ಪತ್ರಿಕೆಯೇ ಆಗಿತ್ತು. ಜೊತೆಗಾರರು ಅವನ ಮನಸ್ಸು ಬದಲಿಸಿದರು. ಮನೆಮಂದಿಯೆಲ್ಲ ಕೂತು ನೋಡಬಹುದಾದ, ಮರ್ಯಾದಸ್ಥರ ಪತ್ರಿಕೆಯಾಗಿ ಅದು ರೂಪುಗೊಂಡದ್ದು ಹೀಗೆ. ಆರು ಪೆನ್ನಿ ಬೆಲೆಯೂ ಓದುಗರನ್ನು ಸೋಸಿತು. 1855ರವರೆಗೆ ಇಂಗ್ಲೆಂಡಿನಲ್ಲಿ ಸುದ್ದಿಪತ್ರಿಕೆಯ ಪ್ರತಿಯೊಂದು ಪ್ರತಿಗೂ ಒಂದು ಪೆನ್ನಿಯ ಸ್ಟ್ಯಾಂಪ್ ತೆರಿಗೆಯಿತ್ತು, ಕಾಗದದ ಮೇಲಿನ ಸುಂಕ 1861ರವರೆಗೂ ಇತ್ತು. ಕೂಲಿಕಾರರ ಕೈಗೆ ಇಂಥ ಪತ್ರಿಕೆ ಹೊಸದಾಗಿ ಸಿಗುವುದು ದುರ್ಲಭವಾಗಿತ್ತು. ಮೊದಲ ಸಂಚಿಕೆಯ ಸುಮಾರು 26,000 ಪ್ರತಿಗಳು ಖರ್ಚಾದವು. 1850ರ ದಶಕದಲ್ಲಿ ಪ್ರಸಾರ ಲಕ್ಷ ದಾಟಿತು. ಪ್ಯಾರಿಸ್ಸಿನಲ್ಲಿ 1843ರ ಮಾರ್ಚಿನಲ್ಲೇ ‘ಲಿಲ್ಲುಸ್ತ್ರಾಸಿಯೋಂ’ ಹುಟ್ಟಿತು. ಇಂಗ್ರಾಮನ ಕಾರ್ಖಾನೆಯಲ್ಲಿ ಕೆಲಸ ಕಲಿತ ಕೆತ್ತನೆಗಾರನೊಬ್ಬ ಅಮೆರಿಕಕ್ಕೆ ಹೋಗಿ, ಫ್ರಾಂಕ್ ಲೆಸ್ಲಿ ಎಂಬ ಹೆಸರಿನಲ್ಲಿ 1855ರಲ್ಲಿ ತನ್ನದೇ ಪತ್ರಿಕೆ ತೆರೆದ. 1857ರಲ್ಲಿ ‘ಹಾರ್ಪರ್ಸ್ ವೀಕ್ಲಿ’ ಅದಕ್ಕೆ ಎದುರಾಳಿಯಾಗಿ ನಿಂತಿತು.

ಈಗ ಘಟನೆಗಳ ವಿಷಯಕ್ಕೆ ಬರೋಣ. ಮರ, ಉಳಿ ಮತ್ತು ವಾರದ ಗಡುವು ಇವುಗಳಿಗೆ ಅತಿ ಚೆನ್ನಾಗಿ ಹೊಂದಿಕೊಂಡದ್ದು ಮೆರವಣಿಗೆ, ಉದ್ಘಾಟನೆ, ಪಟ್ಟಾಭಿಷೇಕ, ಶವಯಾತ್ರೆಗಳಂಥ ಪೂರ್ವನಿಗದಿತ ಸಮಾರಂಭಗಳು. ಜಾಗ, ದಿನ, ಉಡುಪು, ಸಾಲಿನ ಕ್ರಮ ಎಲ್ಲವೂ ಮೊದಲೇ ಪ್ರಕಟವಾಗಿರುತ್ತಿದ್ದುದರಿಂದ ಹಿನ್ನೆಲೆಯ ಕಟ್ಟಡಗಳನ್ನು ಮುಂಚಿತವಾಗಿ ಕೆತ್ತಿಟ್ಟುಕೊಂಡು, ಕೊನೆಯ ಗಳಿಗೆಗೆ ಮುಖಗಳನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು. 1851ರ ಮಹಾ ವಸ್ತುಪ್ರದರ್ಶನ ಮತ್ತು 1852ರ ನವೆಂಬರಿನಲ್ಲಿ ನಡೆದ ವೆಲ್ಲಿಂಗ್ಟನ್ ಡ್ಯೂಕನ ಅಂತ್ಯಯಾತ್ರೆ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನ ಪ್ರಸಾರವನ್ನು ಎತ್ತರಕ್ಕೇರಿಸಿದ್ದು ಆಕಸ್ಮಿಕವಲ್ಲ.

ಅದರಲ್ಲೂ ವಸ್ತುಪ್ರದರ್ಶನದ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಪತ್ರಿಕೆ ಘಟನೆಯನ್ನು ವರದಿ ಮಾಡುವ ಬದಲು ಘಟನೆಯನ್ನೇ ತಿರುಗಿಸಿತು. ಪ್ರದರ್ಶನದ ಕಟ್ಟಡಕ್ಕಾಗಿ 1850ರಲ್ಲಿ ನಡೆದ ಸ್ಪರ್ಧೆಗೆ ಬಂದ 245 ನಕ್ಷೆಗಳಲ್ಲಿ ಒಂದೂ ಒಪ್ಪಿಗೆಯಾಗದೆ, ಕಟ್ಟಡ ಸಮಿತಿ ತಾನೇ ಒಂದು ನಕ್ಷೆ ಮಾಡಿತು. ಹೈಡ್ ಪಾರ್ಕಿನ ನಡುವೆ ಭಾರೀ ಇಟ್ಟಿಗೆ ಗೋಡೆಗಳು, ಮೇಲೊಂದು ದೈತ್ಯ ಗುಮ್ಮಟ, ಜನ ಸಿಡಿಮಿಡಿಗೊಂಡರು. ಆಗ ಗಾಜಿನ ಸಸ್ಯಗೃಹಗಳನ್ನು ಕಟ್ಟಿ ಹೆಸರು ಮಾಡಿದ್ದ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನ ತನ್ನ ನಕ್ಷೆಯನ್ನು ಸಮಿತಿಯ ತೀರ್ಮಾನಕ್ಕೆ ಕಾಯದೆ 1850ರ ಜುಲೈ 6ರ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಪ್ರಕಟಿಸಿಬಿಟ್ಟ. ಜನ ಚಿತ್ರವನ್ನು ನೋಡಿದರು, ಮೆಚ್ಚಿದರು. ಅದೇ ತಿಂಗಳು ಸಮಿತಿ ಒಪ್ಪಿಕೊಂಡಿತು. ಅದೇ ಮುಂದೆ ಕ್ರಿಸ್ಟಲ್ ಪ್ಯಾಲೇಸ್ ಎನಿಸಿಕೊಂಡ ಕಟ್ಟಡ. 60 ಲಕ್ಷಕ್ಕೂ ಹೆಚ್ಚು ಭೇಟಿಗಳನ್ನು ಕಂಡ ಆ ಪ್ರದರ್ಶನದ ಯಂತ್ರಗಳ ವಿಭಾಗದಲ್ಲಿ ಇದೇ ಪತ್ರಿಕೆಯನ್ನು ಪ್ರೇಕ್ಷಕರ ಕಣ್ಣೆದುರೇ ಮುದ್ರಿಸಿ ತೋರಿಸುತ್ತಿದ್ದರು. ತಾನು ಹುಟ್ಟುಹಾಕಿದ ಸುದ್ದಿಯೊಳಗೆ ತಾನೇ ಒಂದು ನೋಟವಾಗಿ ಕುಳಿತ ಪತ್ರಿಕೆಯಿದು.

ಸಮಾರಂಭದ ಎದುರು ಕೊನೆಯಲ್ಲಿರುವುದು ಕ್ಷಾಮ. ಅದಕ್ಕೆ ದಿನಾಂಕವಿಲ್ಲ, ವೇದಿಕೆಯಿಲ್ಲ, ಆರಂಭವಾದದ್ದು ಗೊತ್ತಾಗುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. 1847ರ ಆರಂಭದಲ್ಲಿ ಪತ್ರಿಕೆ ಕಾರ್ಕ್ ಊರಿನ ಕಲಾವಿದ ಜೇಮ್ಸ್ ಮಹೋನಿಯನ್ನು ಸ್ಕಿಬರೀನ್ ಸುತ್ತಲಿನ ಹಳ್ಳಿಗಳಿಗೆ ಕಳಿಸಿತು; ಅವನ ಚಿತ್ರಗಳೂ ಬರಹವೂ ಆ ವರ್ಷದ ಫೆಬ್ರುವರಿ 13 ಮತ್ತು 20ರ ಸಂಚಿಕೆಗಳಲ್ಲಿ ಬಂದವು. ಕ್ಲೊನಕಿಲ್ಟಿಯಲ್ಲಿ ಸತ್ತ ಕೂಸನ್ನು ತೋಳಿನಲ್ಲಿ ಹಿಡಿದು, ಅದರ ಶವಪೆಟ್ಟಿಗೆಗೆ ಕಾಸು ಬೇಡುತ್ತಿದ್ದ ತಾಯಿಯನ್ನು ಅವನು ಬರೆದ. ಕಹೇರಾದಲ್ಲಿ ನೆಲ ಕೆದಕಿ ಆಲೂಗಡ್ಡೆ ಹುಡುಕುತ್ತಿದ್ದ ಹುಡುಗ ಹುಡುಗಿಯರ ಚಿತ್ರವಂತೂ ಆ ಕ್ಷಾಮದ ಗುರುತೇ ಆಗಿಹೋಗಿದೆ. ಅದನ್ನು ನಿಧಾನವಾಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಬಟ್ಟೆ ಚಿಂದಿ, ಕೂದಲು ಕೆದರಿದೆ, ಮುಖದಲ್ಲಿ ಹಸಿವಿದೆ, ಆದರೆ ಹುಡುಗನ ಕಾಲುಗಳು ಮಾತ್ರ ಗಟ್ಟಿಮುಟ್ಟಾಗಿವೆ. ಚಿತ್ರಕಲೆಯ ಶಾಲೆಗಳಲ್ಲಿ ಅಂಗಾಂಗ ಬರೆಯಲು ಕಲಿತದ್ದು ತುಂಬಿದ ಮೈಗಳನ್ನು ನೋಡಿ. ಕೈಗೆ ರೂಢಿಯಾದದ್ದನ್ನು ಕಣ್ಣಿಗೆ ಕಂಡದ್ದು ಪೂರ್ತಿ ಗೆಲ್ಲಲಿಲ್ಲವೆಂದು ನನಗೆ ತೋರುತ್ತದೆ. ಮಹೋನಿಯ ಕೈಯೋ, ಲಂಡನ್ನಿನ ಕೆತ್ತನೆಗಾರನ ಕೈಯೋ, ಬೇರ್ಪಡಿಸಿ ಹೇಳುವುದು ಕಷ್ಟ.

ಹಾಗಾದರೆ ಕ್ಯಾಮೆರಾ ಏನು ಮಾಡುತ್ತಿತ್ತು? 1839ರಲ್ಲೇ ಛಾಯಾಚಿತ್ರದ ವಿಧಾನ ಬಹಿರಂಗವಾಗಿತ್ತು. ಆದರೆ ಛಾಯಾಚಿತ್ರದ ಬೂದುಬಣ್ಣದ ಛಾಯೆಗಳನ್ನು ಮಸಿ ಮತ್ತು ಅಚ್ಚುಮೊಳೆಯ ಜೊತೆ ಮುದ್ರಿಸುವ ದಾರಿ ಇರಲಿಲ್ಲ. ಅದನ್ನು ನೋಡಿಕೊಂಡು ಮರದಲ್ಲಿ ಗೆರೆಗೆರೆಯಾಗಿ ಕೆತ್ತಲೇಬೇಕಿತ್ತು. 1848ರ ಏಪ್ರಿಲ್ 10ರಂದು ಲಂಡನ್ನಿನ ಕೆನಿಂಗ್ಟನ್ ಮೈದಾನದಲ್ಲಿ ಮತದಾನದ ಹಕ್ಕಿಗಾಗಿ ಚಾರ್ಟಿಸ್ಟರು ಸೇರಿದ್ದ ಸಭೆಯನ್ನು ವಿಲಿಯಂ ಕಿಲ್ಬರ್ನ್ ಸೆರೆಹಿಡಿದ ಚಿತ್ರ ಹೀಗೆ ಪತ್ರಿಕೆಗೆ ಇಳಿಯಿತು. ಅದೇ ವರ್ಷದ ಜೂನಿನಲ್ಲಿ ಪ್ಯಾರಿಸ್ಸಿನ ದಂಗೆಯ ವೇಳೆ ಬೀದಿಗೆ ಅಡ್ಡಲಾಗಿ ಕಟ್ಟಿದ್ದ ತಡೆಗೋಡೆಗಳನ್ನು ತೀಬೋ ಎಂಬಾತ ಮನೆಯ ಮೇಲಿನಿಂದ ಎರಡು ಸಲ ತೆಗೆದ, ಒಂದು ಸೈನ್ಯದ ದಾಳಿಗೆ ಮುಂಚೆ, ಇನ್ನೊಂದು ಆಮೇಲೆ. ‘ಲಿಲ್ಲುಸ್ತ್ರಾಸಿಯೋಂ’ ಎರಡನ್ನೂ ಮರದಲ್ಲಿ ಕೆತ್ತಿಸಿ ಜುಲೈ ಮೊದಲ ವಾರದ ಸಂಚಿಕೆಯಲ್ಲಿ ಪ್ರಕಟಿಸಿತು. ಓಡಾಡುವವರು ಆ ಕಾಲದ ಫಲಕದ ಮೇಲೆ ನಿಲ್ಲುತ್ತಿರಲಿಲ್ಲ. ಅಲ್ಲಾಡದೆ ಇರುವುದಷ್ಟೇ ಉಳಿಯುತ್ತಿತ್ತು. ಸುದ್ದಿಯೆನಿಸುವ ಕಾಳಗ ನಡೆದದ್ದು ಎರಡು ಚಿತ್ರಗಳ ನಡುವಿನ ಹೊತ್ತಿನಲ್ಲಿ, ಮತ್ತು ಅದು ಎರಡರಲ್ಲೂ ಇಲ್ಲ.

ಕ್ರೈಮಿಯಾ ಯುದ್ಧ ಬಂದಾಗಲೂ ಪರಿಸ್ಥಿತಿ ಅಷ್ಟೇ. 1855ರಲ್ಲಿ ರಾಜರ್ ಫೆಂಟನ್, ದ್ರಾಕ್ಷಾರಸದ ವ್ಯಾಪಾರಿಯ ಹಳೆಯ ಬಂಡಿಯೊಂದನ್ನು ಕತ್ತಲೆಕೋಣೆಯಾಗಿ ಮಾರ್ಪಡಿಸಿಕೊಂಡು ಹೋಗಿ, ಸುಮಾರು 360 ಛಾಯಾಚಿತ್ರಗಳೊಂದಿಗೆ ಮರಳಿದ. ಶಿಬಿರ, ಬಂದರು, ಸಾಲಾಗಿ ನಿಂತ ಅಧಿಕಾರಿಗಳು, ಗುಂಡು ಚೆಲ್ಲಿದ ಕಣಿವೆ ಇವೆ, ಯುದ್ಧ ಇಲ್ಲ. ಯುದ್ಧವನ್ನು ಕಾಗದದ ಮೇಲೆ ತಂದವರು ಕಾನ್‌ಸ್ಟಂಟಿನ್ ಗೀಸ್‌ನಂಥ ಚಿತ್ರಕಾರರು. ಅವರು ಅವಸರದಲ್ಲಿ ಗೀಚಿ, ಅಂಚಿನಲ್ಲಿ ಟಿಪ್ಪಣಿ ಬರೆದು, ಹಡಗಿನ ಟಪಾಲಿಗೆ ಹಾಕುತ್ತಿದ್ದ ಹಾಳೆಗಳನ್ನು ಲಂಡನ್ನಿನಲ್ಲಿ ಯುದ್ಧವನ್ನು ಕಾಣದ ಇನ್ನೊಬ್ಬ ಪೂರ್ಣ ಚಿತ್ರವಾಗಿ ಬೆಳೆಸುತ್ತಿದ್ದ. ಬಾಲಕ್ಲಾವಾದ ಕಾಳಗ ನಡೆದದ್ದು 1854ರ ಅಕ್ಟೋಬರ್ 25ರಂದು. ವಿಲಿಯಂ ಹೋವರ್ಡ್ ರಸೆಲ್‌ನ ವರದಿ ‘ಟೈಮ್ಸ್’ ಪತ್ರಿಕೆಯಲ್ಲಿ ಬಂದದ್ದು ನವೆಂಬರ್ 14ರಂದು. ಅಕ್ಷರಕ್ಕೇ ಇಪ್ಪತ್ತು ದಿನವಾದರೆ, ಅದರ ಮೇಲೆ ಕೆತ್ತನೆಯ ದಿನಗಳೂ ಸೇರಬೇಕಾದ ಚಿತ್ರ ಇನ್ನೂ ಹಿಂದೆ. ಹೀಗೆ ಓದುಗ ಮೊದಲು ಸುದ್ದಿ ಓದಿ, ವಾರಗಳ ನಂತರ ಅದನ್ನು ನೋಡುತ್ತಿದ್ದ. ಸಚಿತ್ರ ಪತ್ರಿಕೆಯ ಕೆಲಸ ಗೊತ್ತಿರುವುದನ್ನು ಕಣ್ಣಿಗೆ ಕಟ್ಟಿಸಿಕೊಡುವುದಾಗಿತ್ತೇ ಹೊರತು ಹೊಸದನ್ನು ತಿಳಿಸುವುದಲ್ಲ.

ದೂರ ಹೆಚ್ಚಿದಷ್ಟೂ ಕಲ್ಪನೆಯ ಪಾಲೂ ಹೆಚ್ಚುತ್ತಿತ್ತು. 1857ರ ಮೇ 10ರಂದು ಮೀರತ್‌ನಲ್ಲಿ ಸಿಪಾಯಿಗಳು ಬಂಡೆದ್ದ ಸುದ್ದಿ ಲಂಡನ್ ತಲುಪಲು ಒಂದೂವರೆ ತಿಂಗಳೇ ಬೇಕಾಯಿತು. ಅಲ್ಲಿ ಪತ್ರಿಕೆಗಳ ಕಲಾವಿದರು ಇರಲಿಲ್ಲ. ಸೇನಾಧಿಕಾರಿಗಳು ಕಳಿಸಿದ ರೇಖಾಚಿತ್ರಗಳು, ಹಿಂದೆಂದೋ ಪ್ರವಾಸಿಗರು ಬರೆದಿದ್ದ ದೆಹಲಿ, ಲಖನೌಗಳ ನೋಟಗಳು, ಉಳಿದದ್ದಕ್ಕೆ ಊಹೆ. ಹ್ಯಾಂಬರ್ಗಿನ ಕ್ರಮವನ್ನೇ ಇಲ್ಲಿ ಅನುಸರಿಸಲಾಯಿತು, ಆದರೆ ಪರಿಣಾಮ ಬೇರೆ. ಹ್ಯಾಂಬರ್ಗಿನ ಕಲ್ಪಿತ ಜ್ವಾಲೆಯಿಂದ ಯಾರಿಗೂ ಕೇಡಾಗಲಿಲ್ಲ. ಭಾರತೀಯರ ಕ್ರೌರ್ಯವನ್ನು ಊಹೆಯಿಂದ ಬರೆದ ಚಿತ್ರಗಳು ಇಂಗ್ಲೆಂಡಿನಲ್ಲಿ ಸೇಡಿನ ಕೂಗಿಗೆ ತುಪ್ಪ ಸುರಿದವು.

ಇಪ್ಪತ್ತು ವರ್ಷದ ನಂತರ ಕನ್ನಡ ನಾಡೇ ಈ ಪತ್ರಿಕೆಗಳ ಪುಟಕ್ಕೆ ಬಂತು, ಕ್ಷಾಮದ ಮೂಲಕ. 1876ರಿಂದ 78ರವರೆಗೆ ಮದ್ರಾಸ್ ಪ್ರಾಂತವನ್ನೂ ಮೈಸೂರು ಸಂಸ್ಥಾನವನ್ನೂ ಬಡಿದ ಬರವನ್ನು ನಮ್ಮ ಕಡೆಯವರು ಧಾತು ವರ್ಷದ ಬರ ಎಂದೇ ನೆನೆಯುತ್ತಾರೆ. 1877ರ ಅಕ್ಟೋಬರ್ 20ರ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕುಳಿತ ಜನರ ಚಿತ್ರವನ್ನು ಪ್ರಕಟಿಸಿತು. ಅದೇ ತಿಂಗಳು ಅದರ ಪ್ರತಿಸ್ಪರ್ಧಿ ‘ಗ್ರಾಫಿಕ್’ ಬಳ್ಳಾರಿ ಜಿಲ್ಲೆಯ ದುರವಸ್ಥೆಯನ್ನು, ಸೊರಗಿದ ದನಗಳ ಸಮೇತ, ತೋರಿಸಿತು. ಸ್ಕಿಬರೀನಿಗೂ ಬಳ್ಳಾರಿಗೂ ನಡುವೆ ಮೂವತ್ತು ವರ್ಷ ಕಳೆದಿದ್ದವು. ತಂತಿ ಮಾರ್ಗ ಬಂದಿತ್ತು, ಸೂಯೆಜ್ ಕಾಲುವೆ ತೆರೆದಿತ್ತು. ಆದರೂ ಬರವೆಂಬ ನಿಧಾನದ ವಿಪತ್ತು ಚಿತ್ರವಾಗಿ ಕಾಣಿಸಿಕೊಂಡದ್ದು ಅದು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಮೇಲೆ, ಲಂಡನ್ನಿನಲ್ಲಿ ಪರಿಹಾರನಿಧಿಯ ಸಂಗ್ರಹ ನಡೆಯುತ್ತಿದ್ದಾಗ.

ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಚಿತ್ರಕಾರನ ಕೈಗೂ ಕ್ಯಾಮೆರಾಕ್ಕೂ ಒಂದು ಬಗೆಯ ಕೆಲಸದ ಹಂಚಿಕೆ ಏರ್ಪಟ್ಟಿತ್ತು. ಆಲ್‌ಫ್ರೆಡ್ ವಾಡ್, ವಿನ್ಸ್‌ಲೋ ಹೋಮರ್ ಮುಂತಾದವರು ಸೇನೆಯ ಜೊತೆ ನಡೆದು ಕಾಳಗವನ್ನು ಬರೆದರು; 1862ರ ಸೆಪ್ಟೆಂಬರಿನ ಆಂಟೀಟಮ್ ಯುದ್ಧದ ನಂತರ ಅಲೆಕ್ಸಾಂಡರ್ ಗಾರ್ಡ್‌ನರ್ ತೆಗೆದ ಹೆಣಗಳ ಛಾಯಾಚಿತ್ರಗಳನ್ನು ‘ಹಾರ್ಪರ್ಸ್ ವೀಕ್ಲಿ’ ಅಕ್ಟೋಬರ್ 18ರಂದು ಕೆತ್ತಿಸಿ ಹಾಕಿತು. ಚಲಿಸುವವರು ಚಿತ್ರಕಾರನಿಗೆ, ಸತ್ತವರು ಕ್ಯಾಮೆರಾಕ್ಕೆ. ಎರಡೂ ಕಡೆಯ ಸರಕು ಕೊನೆಗೆ ಸೇರುತ್ತಿದ್ದದ್ದು ಕೆತ್ತನೆಗಾರನ ಮೇಜಿಗೇ.

ಆ ಮೇಜು ಖಾಲಿಯಾಗುವ ಸೂಚನೆ 1880ರ ಮಾರ್ಚ್ 4ರಂದು ಸಿಕ್ಕಿತು. ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಕೊಳೆಗೇರಿಯೊಂದರ ಛಾಯಾಚಿತ್ರವನ್ನು, ಕೆತ್ತನೆಯಿಲ್ಲದೆ, ಛಾಯೆಗಳನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆಯುವ ಹಾಫ್‌ಟೋನ್ ವಿಧಾನದಲ್ಲಿ ಪುಟಕ್ಕೆ ಇಳಿಸಿತು. ಮರದ ಬ್ಲಾಕು ಮಾತ್ರ ಅಂದೇ ಸಾಯಲಿಲ್ಲ. ಹೊಸ ವಿಧಾನ ವೇಗದ ಯಂತ್ರಗಳಿಗೂ ಅಗ್ಗದ ಕಾಗದಕ್ಕೂ ಒಗ್ಗಲು ಇನ್ನೂ ಹತ್ತು ಹದಿನೈದು ವರ್ಷ ಹಿಡಿಯಿತು, ಅಲ್ಲಿಯವರೆಗೆ ಛಾಯಾಚಿತ್ರವನ್ನು ನೇರವಾಗಿ ಮರದ ಮೇಲೆಯೇ ಮೂಡಿಸಿ ಕೆತ್ತುವುದು ನಡೆದೇ ಇತ್ತು. ಕೆತ್ತನೆಗಾರರು ಹೋದ ಮೇಲೂ ಚಿತ್ರಕಾರರು ಉಳಿದರು: 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಆರಂಭವಾದಾಗ, ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಕಳಿಸಿದ ಮೆಲ್ಟನ್ ಪ್ರಯರ್ ಪೆನ್ಸಿಲ್ ಹಿಡಿದೇ ಮುತ್ತಿಗೆಗೊಳಗಾದ ಲೇಡಿಸ್ಮಿತ್ ಊರಿನಲ್ಲಿ ಸಿಕ್ಕಿಕೊಂಡಿದ್ದ.